ಬರೆದು ಕೊಡಿ ಸಾರ್

"ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಮ್ಮ."

ಮೂರು ಜನರ ಸೀಟಿನಲ್ಲಿ ನಾಲ್ಕನೆಯವರಾಗಿ ಕೂರೋರು ಬಸ್ಸಿನಲ್ಲಿ ಹೇಳೋ ಮಾತು ಇದು. ನನ್ನ ಮೊದಲ ಕೆಲಸದಲ್ಲಿ ಈ ಮಾತನ್ನು ಎಷ್ಟು ಸಲ ಕೇಳಿದ್ದೀನೋ ಲೆಕ್ಕ ಇಟ್ಟಿಲ್ಲ. ಲೆಕ್ಕ ಇಡೋದೇ ನನ್ನ ಕೆಲಸವಾಗಿದ್ದರೂ!

ನಮ್ಮೂರು ಶಿಡ್ಲಘಟ್ಟ. ಬಿ.ಕಾಂ. ಮುಗಿಸಿ 2023ರ ಜೂನ್‌ನಲ್ಲಿ ಚಿಂತಾಮಣಿಯ ಒಂದು ಕಿರುಸಾಲದ ಕಂಪನಿಯ ಬ್ರಾಂಚಿಗೆ ಸೇರಿದೆ. ನಮ್ಮ ಕಡೆ ಇದನ್ನು ಯಾರೂ ಮೈಕ್ರೋಫೈನಾನ್ಸ್ ಅನ್ನಲ್ಲ, "ಸಂಘದ ಸಾಲ" ಅಂತಾರೆ. ನನ್ನ ಹುದ್ದೆ ಆಫೀಸ್ ಅಸಿಸ್ಟೆಂಟ್. ಕೆಲಸ ಡೇಟಾ ಎಂಟ್ರಿ ಮತ್ತು ದಾಖಲೆ ನಿರ್ವಹಣೆ. ಸಂಬಳ ಕೈಗೆ 13,500 ರೂಪಾಯಿ. ಎರಡು ಪುಟದ ನೇಮಕಾತಿ ಪತ್ರಕ್ಕೆ ಓದದೇ ಸಹಿ ಹಾಕಿ, ಮನೆಗೆ ಬರೋವಾಗ ಅರ್ಧ ಕೆಜಿ ಮೈಸೂರ್ ಪಾಕ್ ತಂದಿದ್ದೆ.

ಅಡ್ಜಸ್ಟ್ ಮಾಡ್ಕೊಳ್ಳೋದು ಮೊದಲ ವಾರದಿಂದಲೇ ಶುರುವಾಯ್ತು. ನೀರಿನ ಕ್ಯಾನ್ ಬಂದರೆ ಎತ್ತಿಡೋದು. ಆಡಿಟ್‌ನವರು ಬಂದರೆ ಟೀ ತರೋದು. ಮ್ಯಾನೇಜರ್ ಮನೆಯ ಗ್ಯಾಸ್ ಬುಕ್ ಮಾಡೋದು, ಅವರ ಮಗಳ ಸ್ಕೂಲ್ ಪ್ರಾಜೆಕ್ಟ್‌ಗೆ ಸೌರಮಂಡಲದ ಚಿತ್ರ ಪ್ರಿಂಟ್ ತೆಗೆಯೋದು. ಇದೆಲ್ಲ ನನ್ನ ಕೆಲಸ ಅಲ್ಲ ಅಂತ ಗೊತ್ತಿತ್ತು. ಬೇಜಾರೇನೂ ಆಗಲಿಲ್ಲ. ಅವರೂ ನಾನು ಅರ್ಧ ಗಂಟೆ ತಡವಾಗಿ ಬಂದಾಗ ಏನೂ ಅಂದವರಲ್ಲ. ಒಂದೇ ಸೂರಿನಡಿ ಕೆಲಸ ಮಾಡೋರು ಇಷ್ಟು ಕೊಡು-ತಗೊಳ್ಳು ಇಲ್ಲದೆ ಹೇಗಿರೋದು ಹೇಳಿ?

ಆದರೆ ಈ ಅಡ್ಜಸ್ಟ್‌ಮೆಂಟಿಗೆ ಗಡಿ ಅಂತ ಒಂದಿದೆ, ಅದನ್ನು ದಾಟಿದ ದಿನ ದಾಟಿದ್ದೂ ತಿಳಿಯಲ್ಲ ಅನ್ನೋದು ನನಗೆ 2025ರ ಜನವರಿಯಲ್ಲಿ ಗೊತ್ತಾಯ್ತು.

ಆ ತಿಂಗಳು ನೆನಪಿದೆಯಾ? ಸಂಘದ ಸಾಲದವರ ಕಾಟ ತಡೆಯಲಾರದೆ ಮನೆಗೆ ಬೀಗ ಹಾಕಿ ಊರು ಬಿಟ್ಟವರ ಸುದ್ದಿ ಚಾಮರಾಜನಗರ, ಮೈಸೂರು ಕಡೆಯಿಂದ ದಿನಾ ಬರ್ತಿತ್ತು. ನಮ್ಮ ಬ್ರಾಂಚಲ್ಲೂ ಕಲೆಕ್ಷನ್ ಇಳಿದಿತ್ತು. ಒಂದು ಸೋಮವಾರ ಬೆಳಿಗ್ಗೆ ಮ್ಯಾನೇಜರ್ ಎಲ್ಲರನ್ನೂ ನಿಲ್ಲಿಸಿ ಹೇಳಿದರು: "ಇವತ್ತಿಂದ ಆಫೀಸ್ ಸ್ಟಾಫ್, ಫೀಲ್ಡ್ ಸ್ಟಾಫ್ ಅನ್ನೋದಿಲ್ಲ. ಸಂಜೆ ನಾಲ್ಕರ ಮೇಲೆ ಎಲ್ಲರೂ ಕಲೆಕ್ಷನ್‌ಗೆ." ಆಮೇಲೆ ನನ್ನ ಕಡೆ ತಿರುಗಿ, "ನೀನು ಹೋದ್ರೆ ಇನ್ನೂ ಒಳ್ಳೇದಮ್ಮ. ಹೆಣ್ಣುಮಕ್ಕಳು ಮನೆ ಮುಂದೆ ಕೂತ್ರೆ ಬೇಗ ಕಟ್ತಾರೆ. ಸ್ವಲ್ಪ ದಿನ, ಅಡ್ಜಸ್ಟ್ ಮಾಡ್ಕೋ" ಅಂದರು.

ಹೋದೆ. ಸುಳ್ಳು ಯಾಕೆ ಹೇಳಲಿ? ಮೊದಲ ಸಲ ಹೋದೆ.

ಕೈವಾರದ ಕಡೆಯ ಒಂದು ಹಳ್ಳಿ. ನನ್ನ ಜೊತೆ ಫೀಲ್ಡ್ ಹುಡುಗ ಒಬ್ಬ. ಆ ಮನೆಯ ಹೆಂಗಸು ಎರಡು ಕಂತು ಕಟ್ಟಿರಲಿಲ್ಲ. ಟೊಮೆಟೊಗೆ ರೇಟು ಸಿಗಲಿಲ್ಲ, ಮುಂದಿನ ವಾರ ಕಟ್ತೀನಿ ಅಂದಳು. ಫೀಲ್ಡ್ ಹುಡುಗ, "ಕಟ್ಟೋವರೆಗೂ ನಾವು ಏಳಲ್ಲ ಅಕ್ಕ" ಅಂತ ಬಾಗಿಲ ಮುಂದೆ ಕೂತ. ನಾನೂ ಕೂತೆ. ಆ ಹೆಂಗಸು ಒಳಗೆ ಹೋಗಿ ಒಂದು ಗೋಣಿಚೀಲ ತಂದು ಹಾಸಿ, "ನೆಲ ತಣ್ಣಗೈತೆ ಮೇಡಂ, ಇದರ ಮೇಲೆ ಕೂತ್ಕೊಳ್ಳಿ" ಅಂದಳು. ಕಾಫಿ ಕೊಟ್ಟಳು. ಒಳಗೆ ಹುಡುಗನೊಬ್ಬ ಮಗ್ಗಿ ಓದ್ತಾ ಇದ್ದವನು ನಮ್ಮನ್ನು ನೋಡಿ ನಿಲ್ಲಿಸಿದ. ಬೀದಿಯಲ್ಲಿ ಹೋಗೋರೆಲ್ಲ ನಿಂತು ನೋಡಿ ಹೋಗ್ತಿದ್ದರು. ರಾತ್ರಿ ಎಂಟೂವರೆಗೆ ಅವಳು ಯಾರದೋ ಮನೆಯಿಂದ 1,150 ರೂಪಾಯಿ ಕೈಸಾಲ ತಂದು ಕೊಟ್ಟಳು. ಎಣಿಸಿದ್ದು ನಾನೇ.

ಅವತ್ತು ಮನೆ ಸೇರಿದಾಗ ಹತ್ತೂಕಾಲು. ಅಮ್ಮ ಬಾಗಿಲಲ್ಲೇ ಇದ್ದಳು. "ಎಲ್ಲಿಗೆ ಹೋಗಿದ್ದೆ?" ಅಂದಳು. ಹೇಳಿದೆ. ಅವಳು ಒಂದೇ ಮಾತು ಕೇಳಿದ್ದು: "ಅವಳೂ ನನ್ನ ಹಾಗೆ ಗೋಣಿಚೀಲ ಹಾಸಿದಳಾ?"

ಅಮ್ಮನ ಕಥೆ ಹೇಳದೆ ನನ್ನ ಕಥೆ ಅರ್ಥ ಆಗಲ್ಲ.

ಅಮ್ಮ ರೇಷ್ಮೆ ಬಿಚ್ಚಾಣಿಕೆ ಕೆಲಸದವಳು. ಶಿಡ್ಲಘಟ್ಟ ಅಂದ್ರೆ ರೇಷ್ಮೆ ಗೂಡಿನ ಮಾರುಕಟ್ಟೆ ಅಂತ ಎಲ್ಲರಿಗೂ ಗೊತ್ತು. ಗೂಡನ್ನು ಕುದಿಯೋ ನೀರಿಗೆ ಹಾಕಿ ಎಳೆ ಹುಡುಕೋ ಕೈಗಳು ಅಷ್ಟಾಗಿ ಯಾರಿಗೂ ಗೊತ್ತಿಲ್ಲ. ಅಮ್ಮನ ಬೆರಳ ತುದಿ ವರ್ಷಪೂರ್ತಿ ಬೆಳ್ಳಗೆ ಸುಕ್ಕಾಗಿರುತ್ತೆ. 2016ರಲ್ಲಿ ಅಪ್ಪನ ಆಪರೇಷನ್‌ಗೆ ಅಂತ ಬಿಚ್ಚಾಣಿಕೆ ಘಟಕದ ಮಾಲೀಕರ ಹತ್ತಿರ 40,000 ಅಡ್ವಾನ್ಸ್ ತಗೊಂಡಳು. ಅಡ್ವಾನ್ಸ್ ತಗೊಂಡ ಮೇಲೆ ಭಾನುವಾರ ಅವರ ಮನೆಗೆ ಹೋಗಿ ಪಾತ್ರೆ ತೊಳೆಯೋದು, ಹಬ್ಬ ಬಂದರೆ ಮನೆ ಸಾರಿಸೋದು, ನೆಂಟರು ಬಂದರೆ ಅಡುಗೆಗೆ ಕೈ ಹಾಕೋದು ಹಾಗೇ ಸೇರಿಕೊಂಡ್ವು. ಅದಕ್ಕೆ ಕೂಲಿ ಇಲ್ಲ. ಯಾರೂ ಹೊಡೀಲಿಲ್ಲ, ಬೈಲಿಲ್ಲ. "ನಮ್ಮನೆಯವಳೇ ಅಲ್ವಾ" ಅಂತಿದ್ದರು ಅಷ್ಟೇ. ಬೇಡ ಅನ್ನೋಕೆ ಅಮ್ಮನಿಗೆ ಬಾಯಿ ಬರ್ತಿರಲಿಲ್ಲ, ಅಡ್ವಾನ್ಸ್ ತೀರಿರಲಿಲ್ಲವಲ್ಲ.

2022ರಲ್ಲಿ ಬೀದಿಯ ಹೆಂಗಸರ ಜೊತೆ ಸೇರಿ ಸಂಘದ ಸಾಲ ತಗೊಂಡು ಅಮ್ಮ ಆ ಅಡ್ವಾನ್ಸ್ ತೀರಿಸಿಬಿಟ್ಟಳು. ಭಾನುವಾರ ಮನೆಯಲ್ಲೇ ಉಳಿದಳು. ಮರುವರ್ಷ ಜ್ವರ ಬಂದು ಎರಡು ಕಂತು ತಪ್ಪಿದಾಗ ಬೇರೊಂದು ಕಂಪನಿಯ ಹುಡುಗ ನಮ್ಮ ಜಗಲಿ ಮೇಲೆ ರಾತ್ರಿ ಒಂಬತ್ತರವರೆಗೂ ಕೂತಿದ್ದ. ಅಮ್ಮ ಅವನಿಗೂ ಗೋಣಿಚೀಲ ಹಾಸಿ ಕೊಟ್ಟಿದ್ದಳು.

ಮಾಲೀಕರ ಮನೆಯ ಬಿಟ್ಟಿ ಕೆಲಸದಿಂದ ಬಿಡಿಸಿಕೊಳ್ಳೋಕೆ ಅಮ್ಮ ಮಾಡಿದ ಸಾಲವನ್ನು ನನ್ನ ಸಂಬಳದಲ್ಲಿ ಕಟ್ಟುತ್ತಿದ್ದೆವು. ಆ ಸಂಬಳ ಉಳಿಯಬೇಕಾದರೆ ನಾನು ಇನ್ನೊಬ್ಬ ಅಮ್ಮನ ಜಗಲಿ ಮೇಲೆ ಕೂರಬೇಕಾಗಿತ್ತು. ರಾತ್ರಿ ನಿದ್ದೆ ಬರಲಿಲ್ಲ.

ಮಾರನೇ ದಿನ ಆಫೀಸಲ್ಲಿ ಮೊದಲು ಮಾಡಿದ ಕೆಲಸ ನನ್ನ ನೇಮಕಾತಿ ಪತ್ರ ಓದಿದ್ದು. ಸೇರಿ ಒಂದೂವರೆ ವರ್ಷದ ಮೇಲೆ! ಕೆಲಸದ ಪಟ್ಟಿಯ ಕೊನೆಗೆ ಒಂದು ಸಾಲಿತ್ತು: "ಸಂಸ್ಥೆಯು ಕಾಲಕಾಲಕ್ಕೆ ವಹಿಸುವ ಇತರ ಕೆಲಸಗಳು." ನಿಮ್ಮ ಪತ್ರದಲ್ಲೂ ಇದು ಇರುತ್ತೆ, ಈಗಲೇ ತೆಗೆದು ನೋಡಿ. ಈ ಒಂದು ಸಾಲಿದ್ದರೆ ಏನು ಹೇಳಿದರೂ ಮಾಡಲೇಬೇಕು ಅಂತ ನಾನೂ ಅಂದ್ಕೊಂಡಿದ್ದೆ.

ಎರಡನೆಯದಾಗಿ, ದಿನಾ ಸ್ಕ್ಯಾನ್ ಮಾಡುತ್ತಿದ್ದ ಸಾಲದ ಕಾಗದಗಳ ಜೊತೆಗಿದ್ದ ನಿಯಮಗಳನ್ನು ಓದಿದೆ. ಕಿರುಸಾಲಕ್ಕೆ ಅಂತಲೇ ರಿಸರ್ವ್ ಬ್ಯಾಂಕಿನ ನಿರ್ದೇಶನ 2022ರ ಏಪ್ರಿಲ್ 1ರಿಂದ ಜಾರಿಗೆ ಬಂದಿತ್ತು. ವಸೂಲಿ ಇಬ್ಬರೂ ಒಪ್ಪಿದ ಜಾಗದಲ್ಲಿ ನಡೆಯಬೇಕು. ಸಾಲಗಾರರು ಸತತ ಎರಡು ಸಲ ಅಥವಾ ಹೆಚ್ಚು ಬಾರಿ ಅಲ್ಲಿಗೆ ಬರದಿದ್ದರೆ ಮಾತ್ರ ಮನೆಗೋ ಕೆಲಸದ ಜಾಗಕ್ಕೋ ಹೋಗಬಹುದು. ಬೆದರಿಸೋದು, ಕೆಟ್ಟ ಮಾತಾಡೋದು, ನೆಂಟರಿಷ್ಟರನ್ನು ಪೀಡಿಸೋದು, ಬೆಳಿಗ್ಗೆ 9ಕ್ಕೆ ಮುಂಚೆ ಮತ್ತು ಸಂಜೆ 6ರ ನಂತರ ಕರೆ ಮಾಡೋದು ಇವೆಲ್ಲ ನಿಷಿದ್ಧ ವಸೂಲಿ ಕ್ರಮಗಳು. ಆರರ ಮೇಲೆ ಫೋನೇ ಮಾಡಬಾರದು ಅಂದಮೇಲೆ ಎಂಟೂವರೆವರೆಗೆ ಹೊಸ್ತಿಲಲ್ಲಿ ಕೂತ ನಾನು ಏನು ಮಾಡಿದ್ದೆ?

ಅಷ್ಟರಲ್ಲಿ ಬಲವಂತದ ವಸೂಲಿ ವಿರುದ್ಧ ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತಂದಿತು. ರಾಜ್ಯಪಾಲರು ಮೊದಲು ವಾಪಸ್ ಕಳಿಸಿ, ಆಮೇಲೆ ಫೆಬ್ರವರಿ 12ರಂದು ಅಂಕಿತ ಹಾಕಿದರು. 10 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ. ಸುದ್ದಿ ಓದಿದ ಮ್ಯಾನೇಜರ್, "ಅದು ಮೀಟರ್ ಬಡ್ಡಿಯವರಿಗೆ. ನಮ್ದು ಆರ್‌ಬಿಐ ಕಂಪನಿ, ನಮಗೇನಿಲ್ಲ" ಅಂದರು. ಇರಬಹುದು. ಆದರೆ ನನ್ನ ತಲೆಯಲ್ಲಿ ಬೇರೆ ಲೆಕ್ಕ ಓಡ್ತಿತ್ತು. ನಾಳೆ ಯಾವುದೋ ಮನೆಯಲ್ಲಿ ಏನೋ ಹೆಚ್ಚುಕಮ್ಮಿ ಆದರೆ ಪೊಲೀಸರು ಕೇಳೋದು "ಬಾಗಿಲ ಮುಂದೆ ಯಾರು ಕೂತಿದ್ದರು?" ಅಂತ. ಕೂತಿದ್ದವಳು ನಾನು. ಕೂರು ಅಂದವರು ಬಾಯಲ್ಲಿ ಹೇಳಿದ್ದು, ಎಲ್ಲೂ ಬರೆದಿಲ್ಲ.

ಅವತ್ತು ಸಂಜೆ ಬಸ್ಸಲ್ಲಿ ಕೂತು ಮ್ಯಾನೇಜರಿಗೆ ಇಮೇಲ್ ಬರೆದೆ. ಮೂರು ಸಲ ಅಳಿಸಿ ಬರೆದದ್ದು ಹೀಗಿತ್ತು:

"ಸಾರ್, ನಮಸ್ಕಾರ. ನೇಮಕಾತಿ ಪತ್ರದ ಪ್ರಕಾರ ನನ್ನ ಕೆಲಸ ಡೇಟಾ ಎಂಟ್ರಿ ಮತ್ತು ದಾಖಲೆ ನಿರ್ವಹಣೆ. ಜನವರಿಯಿಂದ ಸಂಜೆ ಕಲೆಕ್ಷನ್‌ಗೆ ಹೋಗುವಂತೆ ತಾವು ಬಾಯಿಮಾತಿನಲ್ಲಿ ತಿಳಿಸಿದ್ದೀರಿ. ಈ ಕೆಲಸ ನಾನು ಮಾಡಬೇಕಿದ್ದರೆ ಯಾವ ಸಮಯದಿಂದ ಯಾವ ಸಮಯದವರೆಗೆ, ಸಾಲಗಾರರ ಮನೆಯ ಬಳಿ ಏನು ಮಾಡಬಹುದು ಏನು ಮಾಡಬಾರದು, ಹೆಚ್ಚುವರಿ ಸಮಯದ ವೇತನ ಎಷ್ಟು, ರಾತ್ರಿ ಮನೆಗೆ ತಲುಪಲು ವ್ಯವಸ್ಥೆ ಏನು ಎಂಬುದನ್ನು ದಯವಿಟ್ಟು ಬರೆದು ಕೊಡಿ. ಅಲ್ಲಿಯವರೆಗೆ ನನ್ನ ಆಫೀಸ್ ಕೆಲಸವನ್ನು ಎಂದಿನಂತೆ ಪೂರ್ತಿ ಮಾಡುತ್ತೇನೆ."

ನೋಡಿ, ಇದರಲ್ಲಿ "ಮಾಡಲ್ಲ" ಅನ್ನೋ ಪದವೇ ಇಲ್ಲ. ಬರೆದು ಕೊಡಿ ಅಂತ ಕೇಳಿದ್ದು ಅಷ್ಟೇ.

ಮಾರನೇ ದಿನ ಮ್ಯಾನೇಜರ್, "ಏನಮ್ಮ, ಲಾಯರ್ ಆಗ್ಬಿಟ್ಯಾ?" ಅಂದರು. ಯಾರೋ ನಕ್ಕರು. ಆಮೇಲೆ ಮೂರು ದಿನ ಅವರು ನನ್ನ ಜೊತೆ ಮಾತಾಡಲಿಲ್ಲ. ಮೊದಲು ಜೊತೆಗೆ ಊಟ ಮಾಡ್ತಿದ್ದ ಹುಡುಗಿಯರು ಟಿಫನ್ ಬಾಕ್ಸ್ ಎತ್ತಿಕೊಂಡು ಬೇರೆ ಟೇಬಲ್‌ಗೆ ಹೋದರು. ಅವರನ್ನು ತಪ್ಪು ಅನ್ನಲ್ಲ. ಇಬ್ಬರಿಗೆ ನೇಮಕಾತಿ ಪತ್ರವೇ ಕೊಟ್ಟಿರಲಿಲ್ಲ, ಅವರು ಯಾವ ಕಾಗದ ತೋರಿಸಿ ಕೇಳಬೇಕು?

ನಾಲ್ಕನೇ ದಿನ ಚಿಕ್ಕಬಳ್ಳಾಪುರದ ಏರಿಯಾ ಆಫೀಸಿಂದ ಇಮೇಲ್ ಬಂತು. ಆಡಳಿತಾತ್ಮಕ ಕಾರಣದಿಂದ ನನ್ನನ್ನು ಗೌರಿಬಿದನೂರು ಬ್ರಾಂಚಿಗೆ ವರ್ಗ ಮಾಡಲಾಗಿದೆ.

ಈ ಕಡೆ ಓಡಾಡಿದವರಿಗೆ ಗೊತ್ತು. ಶಿಡ್ಲಘಟ್ಟದಿಂದ ಚಿಕ್ಕಬಳ್ಳಾಪುರ, ಅಲ್ಲಿ ಬಸ್ ಬದಲಿಸಿ ಮಂಚೇನಹಳ್ಳಿ ಮೇಲೆ ಗೌರಿಬಿದನೂರು. ಹೋಗೋಕೆ ಎರಡು ಬಸ್, ಬರೋಕೆ ಎರಡು ಬಸ್. ಶಕ್ತಿ ಯೋಜನೆ ಇಲ್ಲದಿದ್ದರೆ ಸಂಬಳದ ದೊಡ್ಡ ಪಾಲು ಟಿಕೆಟ್ಟಿಗೇ ಹೋಗ್ತಿತ್ತು. ಅಪ್ಪ, "ಯಾಕೆ ಬೇಕಿತ್ತು ನಿಂಗೆ?" ಅಂದರು. ನಾನು ರಾಜೀನಾಮೆ ಟೈಪ್ ಮಾಡಿ ಇಟ್ಟೆ.

ಕಳಿಸೋ ಮುಂಚೆ ಕೋರ್ಟ್ ಆವರಣದಲ್ಲಿರೋ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ ಬಾ ಅಂದವಳು ಪಕ್ಕದ ಮನೆ ಅಂಗನವಾಡಿ ಅಕ್ಕ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ ಪ್ರಕಾರ ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ ಉಚಿತ ಕಾನೂನು ನೆರವು ಸಿಗುತ್ತೆ. ನನಗೆ ಗೊತ್ತೇ ಇರಲಿಲ್ಲ. ಅಲ್ಲಿ ಸಿಕ್ಕ ವಕೀಲೆ ನನ್ನ ಕಾಗದಗಳನ್ನೆಲ್ಲ ಓದಿ ಮೊದಲು ಕೇಳಿದ್ದು, "ರಾಜೀನಾಮೆ ಕಳಿಸಿದ್ದೀಯಾ?" ಇಲ್ಲ ಅಂದೆ. "ಪುಣ್ಯ" ಅಂದರು.

ಅವರು ಅರ್ಧ ಗಂಟೆಯಲ್ಲಿ ಹೇಳಿದ್ದನ್ನು ನನಗೆ ಅರ್ಥವಾದ ಹಾಗೆ ಹೇಳ್ತೀನಿ.

ಒಂದು, ಕುರ್ಚಿಯಲ್ಲಿ ಕೂತು ಕೀಬೋರ್ಡ್ ಒತ್ತೋ ನಾವೂ ಕಾನೂನಿನ ಕಣ್ಣಲ್ಲಿ ಕಾರ್ಮಿಕರು. 1947ರ ಕೈಗಾರಿಕಾ ವಿವಾದ ಕಾಯ್ದೆಯ ವ್ಯಾಖ್ಯೆಯಲ್ಲಿ ಗುಮಾಸ್ತೆ ಕೆಲಸವೂ ಇದೆ, ತಾಂತ್ರಿಕ ಕೆಲಸವೂ ಇದೆ. ಹುದ್ದೆಯ ಹೆಸರು ಎಕ್ಸಿಕ್ಯೂಟಿವ್ ಅಂತಿದ್ದರೂ ಅವರು ನೋಡೋದು ನಿಜವಾಗಿ ಮಾಡೋ ಕೆಲಸ ಏನು ಅಂತ.

ಎರಡು, ಆ "ಇತರ ಕೆಲಸಗಳು" ಅನ್ನೋ ಸಾಲಿಗೆ ಬೇಲಿ ಇದೆ. ಕಾರ್ಖಾನೆಗಳಿಗೆ ಅನ್ವಯಿಸುವ ಮಾದರಿ ಸ್ಥಾಯಿ ಆದೇಶಗಳಲ್ಲಿ ಮೇಲಧಿಕಾರಿಯ ಮಾತು ಮೀರೋದು ದುರ್ನಡತೆ ಅಂತಿದೆ ನಿಜ. ಆದರೆ ಎಂಥ ಮಾತು? ಕಾನೂನುಬದ್ಧವಾದ ಮತ್ತು ಸಮಂಜಸವಾದ ಆದೇಶ. ಎರಡೂ ಇರಬೇಕು. ನಮ್ಮಂಥ ಆಫೀಸಿಗೆ ಆ ಸ್ಥಾಯಿ ಆದೇಶ ನೇರವಾಗಿ ಬರದಿದ್ದರೂ ಅಳತೆಗೋಲು ಅದೇ. ಟೀ ತಂದುಕೊಡು ಅನ್ನೋದು ನಮಗೆ ಹಿಡಿಸದೇ ಇರಬಹುದು, ಕಾನೂನು ಮುರಿದ ಹಾಗಲ್ಲ. ರಜೆಯಲ್ಲಿರೋ ಸಹೋದ್ಯೋಗಿಯ ಕೆಲಸ ಎರಡು ದಿನ ನೋಡ್ಕೋ ಅನ್ನೋದು ಸಮಂಜಸವೇ. ನಿಯಮ ನಿಷೇಧಿಸಿದ್ದನ್ನು ಮಾಡು ಅನ್ನೋದು, ಸುಳ್ಳು ಲೆಕ್ಕ ಬರಿ ಅನ್ನೋದು, ಯಾರನ್ನೋ ಹೆದರಿಸು ಅನ್ನೋದು ಬೇರೆ ಜಾತಿ.

ಮೂರು, ಸಮಯಕ್ಕೆ ಬೆಲೆ ಇದೆ. 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯಲ್ಲಿ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ ಮಿತಿ. ಮೀರಿದರೆ ದುಪ್ಪಟ್ಟು ವೇತನ. ಸೇರಿದ 30 ದಿನದೊಳಗೆ ನೇಮಕಾತಿ ಆದೇಶ ಬರವಣಿಗೆಯಲ್ಲಿ ಕೊಡಬೇಕು. ಆರು ತಿಂಗಳು ಸತತ ಕೆಲಸ ಮಾಡಿದವರನ್ನು ಸರಿಯಾದ ಕಾರಣ ಮತ್ತು ಒಂದು ತಿಂಗಳ ನೋಟಿಸ್ ಅಥವಾ ಅದರ ಸಂಬಳ ಇಲ್ಲದೆ ತೆಗೆಯೋ ಹಾಗಿಲ್ಲ.

ನಾಲ್ಕು, ವರ್ಗಾವಣೆ. ಪತ್ರದಲ್ಲಿ ವರ್ಗಾವಣೆಯ ಷರತ್ತಿದ್ದರೆ ಕಂಪನಿ ವರ್ಗ ಮಾಡಬಹುದು. ಆದರೆ ಸೇಡು ತೀರಿಸೋಕೆ, ಆಡಳಿತದ ನೆಪ ಹೇಳಿ ದುರುದ್ದೇಶದಿಂದ ಮಾಡೋ ವರ್ಗಾವಣೆಯನ್ನು ಕಾಯ್ದೆಯೇ ಅನುಚಿತ ಕಾರ್ಮಿಕ ಪದ್ಧತಿಗಳ ಪಟ್ಟಿಗೆ ಸೇರಿಸಿದೆ. "ಹೋಗದೇ ಮನೆಯಲ್ಲಿ ಕೂತರೆ ಗೈರುಹಾಜರಿ ಅಂತ ನಿನ್ನ ಮೇಲೇ ತಿರುಗಿಸ್ತಾರೆ. ಹಾಜರಾಗು. ಹಾಜರಾಗುವಾಗಲೇ ನನ್ನ ಆಕ್ಷೇಪಣೆ ಇದೆ ಅಂತ ಬರೆದು ಕೊಡು. ಆಮೇಲೆ ದೂರು" ಅಂದರು.

ಏಳೋ ಮುಂಚೆ ಅಮ್ಮನ ಭಾನುವಾರದ ಕೆಲಸದ ವಿಷಯ ಸುಮ್ಮನೆ ಹೇಳಿದೆ. ಅವರು ಪೆನ್ನು ಕೆಳಗಿಟ್ಟರು. "ಅದಕ್ಕೆ ಹೆಸರೇ ಇದೆ ಕಣಮ್ಮ. ಬೇಗಾರ್. ಸಂವಿಧಾನದ 23ನೇ ವಿಧಿ ಆ ಪದವನ್ನೇ ಹಾಕಿ ನಿಷೇಧಿಸಿದೆ. ಅಡ್ವಾನ್ಸ್ ಕೊಟ್ಟು ಬಿಟ್ಟಿ ದುಡಿಸಿಕೊಳ್ಳೋದರ ಮೇಲೆ 1976ರ ಜೀತ ಪದ್ಧತಿ ರದ್ದತಿ ಕಾಯ್ದೆಯೇ ಇದೆ" ಅಂದರು. ನಮ್ಮ ಮನೆಯಲ್ಲಿ ಆರು ವರ್ಷ ಅದನ್ನು "ಅಡ್ಜಸ್ಟ್" ಅಂತ ಕರೀತಿದ್ದೆವು.

ಗೌರಿಬಿದನೂರಿಗೆ ನಾಲ್ಕು ತಿಂಗಳು ಓಡಾಡಿದೆ. ಬೆಳಿಗ್ಗೆ ಆರಕ್ಕೆ ಮನೆ ಬಿಟ್ಟರೆ ರಾತ್ರಿ ಎಂಟೂವರೆ. ಚಿಕ್ಕಬಳ್ಳಾಪುರದಿಂದ ಮುಂದಿನ ಬಸ್ಸಲ್ಲಿ ಗಾರ್ಮೆಂಟ್ಸ್‌ಗೆ ಹೋಗೋ ಹುಡುಗಿಯರು ಸಿಗ್ತಿದ್ದರು. ಒಬ್ಬಳು ಹೇಳಿದಳು, "ನಮ್ಮಲ್ಲಿ ಆಳು ಕಮ್ಮಿ ಇದ್ರೆ ಟೈಲರ್ ಕೈಯಲ್ಲೂ ಗುಡಿಸ್ತಾರೆ ಅಕ್ಕ. ಟಾರ್ಗೆಟ್ ಮಾತ್ರ ಇಳಿಸಲ್ಲ." ನನ್ನ ಇಮೇಲ್ ತೋರಿಸಿದೆ. ಅವಳು ಫೋಟೋ ತೆಗೆದುಕೊಂಡಳು.

ಕಾರ್ಮಿಕ ಇಲಾಖೆಗೆ ಕೊಟ್ಟ ದೂರಿನ ಮೇಲೆ ಎರಡು ಸಲ ಮಾತುಕತೆ ನಡೀತು. ವರ್ಗಾವಣೆ ರದ್ದಾಗಲಿಲ್ಲ. ಹೌದು, ಆಗಲಿಲ್ಲ. ಎಲ್ಲಾ ಗೆದ್ದೆ ಅಂತ ಬರೆದರೆ ಓದೋಕೆ ಚೆನ್ನಾಗಿರುತ್ತಿತ್ತು. ಸಿಕ್ಕಿದ್ದು ಒಂದು ಕಾಗದ: ನನ್ನ ಕೆಲಸ ದಾಖಲೆ ನಿರ್ವಹಣೆಗೆ ಸೀಮಿತ, ಕಲೆಕ್ಷನ್‌ಗೆ ಕಳಿಸಲಾಗುವುದಿಲ್ಲ ಅಂತ. ಜನವರಿ, ಫೆಬ್ರವರಿಯ ಹೆಚ್ಚುವರಿ ಗಂಟೆಗಳಿಗೆ 2,300 ರೂಪಾಯಿ. ಚಿಂತಾಮಣಿಯ ಆ ಇಬ್ಬರು ಹುಡುಗಿಯರಿಗೂ ನೇಮಕಾತಿ ಪತ್ರ ಬಂತಂತೆ. ಒಬ್ಬಳು ಫೋನ್ ಮಾಡಿ ಹೇಳಿದಳು, ಥ್ಯಾಂಕ್ಸ್ ಅಂತ ಮಾತ್ರ ಅನ್ನಲಿಲ್ಲ. ಅವಳ ಸಂಕೋಚ ನನಗೆ ಅರ್ಥವಾಯ್ತು.

ಆ ಮ್ಯಾನೇಜರ್ ಬಗ್ಗೆ ಒಂದು ಮಾತು ಹೇಳಲೇಬೇಕು. ಕೆಲಸ ಬಿಡೋ ಮುಂಚೆ ಬಾಕಿ ಫೈಲ್ ಕೊಡೋಕೆ ಚಿಂತಾಮಣಿಗೆ ಹೋಗಿದ್ದೆ. ಅವರು ಹೊರಗೆ ಬಂದು ಟೀ ಕೊಡಿಸಿದರು. "ನೀನು ಬರೆದು ಕೊಡಿ ಅಂದೆ. ನಾನೂ ಮೇಲಿನವರನ್ನ ಬರೆದು ಕೊಡಿ ಅಂದಿದ್ರೆ ಚೆನ್ನಾಗಿರ್ತಿತ್ತು. ಅವರೂ ಫೋನಲ್ಲೇ ಹೇಳ್ತಿದ್ದಿದ್ದು" ಅಂದರು. ಅವರಿಗೆ ಇಬ್ಬರು ಮಕ್ಕಳು, ಮನೆ ಸಾಲ. ಮೇಲಿಂದ ಕೆಳಗಿನವರೆಗೂ ಆ ಆದೇಶಕ್ಕೆ ಯಾರೊಬ್ಬರ ಸಹಿಯೂ ಇರಲಿಲ್ಲ. ಕೊನೆಗೆ ಹೊಸ್ತಿಲಲ್ಲಿ ಕೂರುವವಳ ಮುಖ ಮಾತ್ರ ಎಲ್ಲರಿಗೂ ಕಾಣ್ತಿತ್ತು.

ಅದಕ್ಕೇ ನಿಮಗೆ ಹೇಳೋದು. ಬಾಸ್ ಹೊಸ ಕೆಲಸ ಹೇಳಿದ ಕೂಡಲೇ "ಇದು ನನ್ನ ಕೆಲಸ ಅಲ್ಲ" ಅಂತ ಎಗರಬೇಡಿ. ಸಣ್ಣಪುಟ್ಟದ್ದಕ್ಕೆಲ್ಲ ಹಾಗಂದರೆ ದೊಡ್ಡದು ಬಂದಾಗ ಯಾರೂ ಕೇಳಿಸಿಕೊಳ್ಳಲ್ಲ. ನಾನು ಈಗ ಒಂದೇ ಪ್ರಶ್ನೆ ಹಾಕ್ಕೊಳ್ಳೋದು: ನಾಳೆ ಇದರಲ್ಲಿ ತಪ್ಪಾದರೆ ಯಾರ ಹೆಸರು ಬರುತ್ತೆ? ನನ್ನ ಹೆಸರು ಬರೋದಾದರೆ ಅದು ಕಾಗದದ ಮೇಲೆ ಬರಬೇಕು. ಬರೆದು ಕೊಡಲ್ಲ ಅಂದರೆ ಅವರು ಹೇಳಿದ್ದನ್ನು ನೀವೇ ಬರೆದು ಕಳಿಸಿ: "ಇವತ್ತು ತಾವು ಹೀಗೆ ಹೇಳಿದಿರಿ, ನಾನು ಅರ್ಥ ಮಾಡಿಕೊಂಡದ್ದು ಸರಿಯೇ?" ತಾರೀಕು, ಸಮಯ ಒಂದು ಡೈರಿಯಲ್ಲಿರಲಿ. ನೇಮಕಾತಿ ಪತ್ರ, ಸಂಬಳದ ಚೀಟಿ ನಿಮ್ಮ ಸ್ವಂತ ಇಮೇಲ್‌ನಲ್ಲಿರಲಿ. ಸಿಟ್ಟಲ್ಲಿ ರಾಜೀನಾಮೆ ಕೊಡಬೇಡಿ.

2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಹಳೇ ಕೈಗಾರಿಕಾ ವಿವಾದ ಕಾಯ್ದೆಯ ಜಾಗಕ್ಕೆ ಕೈಗಾರಿಕಾ ಸಂಬಂಧ ಸಂಹಿತೆ ಬಂದಿದೆ. ದುರುದ್ದೇಶದ ವರ್ಗಾವಣೆ ಅದರ ಪಟ್ಟಿಯಲ್ಲೂ ಇದೆ. ಹತ್ತು ಅಥವಾ ಹೆಚ್ಚು ಕೆಲಸಗಾರರಿರೋ ಕಡೆ ಪ್ರತಿಯೊಬ್ಬರಿಗೂ ನೇಮಕಾತಿ ಪತ್ರ ಕೊಡಬೇಕು ಅಂತ ಇನ್ನೊಂದು ಸಂಹಿತೆ ಹೇಳುತ್ತೆ. ಮೊದಲು ಕೊಡದೇ ಇದ್ದವರಿಗೂ ಕೊಡಬೇಕು. ನಿಮಗೆ ಇನ್ನೂ ಸಿಕ್ಕಿಲ್ಲ ಅಂದರೆ ಕೇಳಿ. ಯಾರನ್ನು ಕೇಳೋದು ತಿಳಿಯದಿದ್ದರೆ ಕಾನೂನು ಸೇವೆಯ ಸಹಾಯವಾಣಿ 15100ಕ್ಕೆ ಫೋನ್ ಮಾಡಿ, ಇಲ್ಲ ನಿಮ್ಮ ತಾಲ್ಲೂಕಿನ ಕೋರ್ಟ್ ಆವರಣಕ್ಕೆ ಹೋಗಿ.

ಈಗ ನಾನು ಚಿಕ್ಕಬಳ್ಳಾಪುರದಲ್ಲಿ ಒಬ್ಬ ಆಡಿಟರ್ ಹತ್ತಿರ ಕೆಲಸಕ್ಕಿದ್ದೀನಿ. ಮೊದಲ ದಿನ ಅವರು, "ಅಕೌಂಟ್ಸ್ ಜೊತೆಗೆ ಸ್ವಲ್ಪ ಹೊರಗಿನ ಕೆಲಸನೂ ಇರುತ್ತಮ್ಮ" ಅಂದರು. "ಏನೇನು ಅಂತ ಒಂದು ಸಲ ಬರೆದು ಕೊಡ್ತೀರಾ ಸಾರ್?" ಅಂದೆ. ನನ್ನನ್ನೊಮ್ಮೆ ನೋಡಿ, ನಕ್ಕು, ಲೆಟರ್‌ಹೆಡ್ ಮೇಲೆ ನಾಲ್ಕು ಸಾಲು ಬರೆದರು. ನಾಲ್ಕನೆಯದು: ಬ್ಯಾಂಕ್ ಓಡಾಟ, ವಾರಕ್ಕೆ 1 ದಿನ, ಖರ್ಚು ಕಚೇರಿಯದು.

ಆ ಕಾಗದವನ್ನು ಮನೆಯಲ್ಲಿ ಅಮ್ಮನಿಗೆ ಓದಿ ಹೇಳಿದೆ. ಅವಳು ಏನೂ ಅನ್ನಲಿಲ್ಲ.

ಹೋದ ತಿಂಗಳು ಅವಳ ಮಾಲೀಕರ ಮನೆಯಲ್ಲಿ ಮಗನ ಮದುವೆ. ಎರಡು ದಿನ ಅಡುಗೆ ಮನೆ ಕಡೆ ಬಾ ಅಂತ ಹೇಳಿ ಕಳಿಸಿದ್ದರು. ರಾತ್ರಿ ಬಂದವಳು ಸೆರಗಿನ ಗಂಟು ಬಿಚ್ಚಿ 1,200 ರೂಪಾಯಿ ದೇವರ ಗೂಡಿನಲ್ಲಿಟ್ಟಳು.

"ಅವರೇ ಕೊಟ್ರಾ?" ಅಂದೆ.

"ಇಲ್ಲ. ಎಷ್ಟು ಕೊಡ್ತೀರಾ ಅಂತ ಹೋಗೋ ಮುಂಚೇನೇ ಕೇಳಿದ್ದೆ" ಅಂದಳು.